ಮಾಳಿಗೆ ಮೇಲಿನ ಡಬಲ್ ರೊಟ್ಟಿ

ನಿಜಾಮರ ಕಾಲದ ವಾಡಿ ಜಂಕ್ಷನ್ನಿನಲ್ಲಿ ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ತಿನ್ನುವವರು ಎರಡೇ ಬಗೆಯ ಜನ, ರೈಲಿನಿಂದ ಇಳಿಯುವ ಸಾಹೇಬರು ಮತ್ತು ಹಾಸಿಗೆ ಹಿಡಿದ ರೋಗಿಗಳು. ಗಟ್ಟಿಮುಟ್ಟಾದವರ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಯಾರ ಮನೆಗಾದರೂ ಡಬಲ್ ರೊಟ್ಟಿ ಹೋಯಿತೆಂದರೆ ಸಾಕು, ಪಾಪ, ಇನ್ನೆಷ್ಟು ದಿನವೋ ಎಂದು ಓಣಿಯವರು ಪಿಸುಗುಡುತ್ತಿದ್ದರು.

ಇದು ಶರಣಬಸಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಗಂಡ ಫರಸಿ ಕಲ್ಲಿನ ಗಣಿಯಲ್ಲಿ ಬಂಡೆ ಬಿದ್ದು ಸತ್ತ ಮೇಲೆ ಅವಳ ಒಲೆ ಉರಿಯುತ್ತಿದ್ದುದೇ ಡಬಲ್ ರೊಟ್ಟಿಯಿಂದ. ಸ್ಟೇಷನ್ನಿನ ಊಟದ ಕೋಣೆಯಲ್ಲಿ ಅಡುಗೆ ಮಾಡುವ ಬಾವರ್ಚಿ ಮುನಾಫ, ಖರ್ಚಾಗದೆ ಉಳಿದ ತಂಗಳು ರೊಟ್ಟಿಯನ್ನು ಚೀಲಕ್ಕೆ ತುಂಬಿ ಅವಳ ಹಿತ್ತಿಲ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಅವಳು ಕಂದು ಅಂಚು ತೆಗೆದು, ಉಳಿದದ್ದನ್ನು ಚೂರು ಮಾಡಿ, ಕಾದ ಮಾಳಿಗೆ ಮೇಲೆ ಹಳೆಯ ಧೋತರ ಹಾಸಿ ಒಣಗಿಸುತ್ತಿದ್ದಳು. ಬೆರಳಲ್ಲಿ ಹಿಡಿದರೆ ಚೂರು ಪಟ್ಟನೆ ಮುರಿಯಬೇಕು. ಒಂದಿಷ್ಟು ಹಸಿ ಉಳಿದರೂ ಒರಳಲ್ಲಿ ಮುದ್ದೆಯಾಗುತ್ತದೆ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಕುಟ್ಟಿ, ಜರಡಿ ಹಿಡಿದು, ಮೇಲುಳಿದ ನುಚ್ಚನ್ನು ಮತ್ತೆ ಕುಟ್ಟಿ ರವೆಯಷ್ಟು ಸಣ್ಣಗೆ ಮಾಡಿದ್ದಕ್ಕೆ ಮುನಾಫ ಚೂರಾ ಅನ್ನುತ್ತಿದ್ದ, ಸೇರಿಗಿಷ್ಟೆಂದು ದುಡ್ಡು ಕೊಟ್ಟು ಒಯ್ಯುತ್ತಿದ್ದ. ಸಾಹೇಬರಿಗೆಂದು ಕರಿಯುವ ಖೀಮಾ ಕಟ್ಲೇಟಿನ ಮೈಗೆಲ್ಲ ಅದನ್ನೇ ಹಚ್ಚುವುದು.

ಲಿಂಗ ಕಟ್ಟಿದ ಹೆಂಗಸು ಮಾಂಸಕ್ಕೆ ಹಚ್ಚುವ ಪುಡಿ ಕುಟ್ಟುತ್ತಾಳೆಂದು ತಿಳಿದರೆ ಮಠದ ಅಯ್ಯನವರು ಅವಳ ಹೊಸ್ತಿಲು ತುಳಿಯುತ್ತಿರಲಿಲ್ಲ. ಅದಕ್ಕೇ ಬೇರೆ ಒರಳು, ಬೇರೆ ಜರಡಿ. ಕುಟ್ಟಿದ ಮೇಲೆ ತಲೆ ಮೇಲೆ ನೀರು ಸುರಿದುಕೊಂಡೇ ಪೂಜೆಗೆ ಕೂರುವುದು. ಲಿಂಗಕ್ಕೆ ತಿಳಿಯದ್ದೇನಿದೆ, ಜನಕ್ಕೆ ತಿಳಿಯದಿದ್ದರೆ ಸಾಕು ಎಂದುಕೊಂಡಿದ್ದಳು.

ಮಗಳು ಗುರುದೇವಿಗೆ ಕಾಳಗಿಯಿಂದ ಒಳ್ಳೆಯ ಸಂಬಂಧ ಬಂತು. ತಂದೆಯಿಲ್ಲದ ಹುಡುಗಿಗೆ ಇಂಥ ಮನೆ ಇನ್ನೊಮ್ಮೆ ಸಿಗುವುದಿಲ್ಲ. ನಿಶ್ಚಯಕ್ಕೆ ಸಂಜೆ ಬರುತ್ತೇವೆಂದವರು ನಡುಮಧ್ಯಾಹ್ನವೇ ಬಂಡಿ ತಂದು ನಿಲ್ಲಿಸಿದರು. ಮಾಳಿಗೆ ಮೇಲಿನದನ್ನು ತೆಗೆಯಲು ಹೊತ್ತಿರಲಿಲ್ಲ.

ಹುಡುಗನ ತಾಯಿ ರತ್ನಾಬಾಯಿ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಮಾಳಿಗೆಯಿಂದ ಹಾರಿದ ಕಾಗೆಯೊಂದು ಕೊಕ್ಕಿನಲ್ಲಿದ್ದದ್ದನ್ನು ಅವಳ ಮುಂದೆಯೇ ಬೀಳಿಸಿತು. ಕಾಗೆಗೆ ಒಂದೇ ಕಣ್ಣು ಅನ್ನುತ್ತಾರೆ. ಮನೆ ಹಾಳು ಮಾಡಲು ಆ ದರಿದ್ರದ್ದಕ್ಕೆ ಅಷ್ಟೇ ಸಾಕಾಯಿತು.

"ಡಬಲ್ ರೊಟ್ಟಿ ಅದ ಇದು," ಎಂದಳು ರತ್ನಾಬಾಯಿ. "ಯಾರಿಗಿ ಜಡ್ಡಾಗ್ಯಾದರಿ ನಿಮ್ಮ ಮನ್ಯಾಗ?"

"ಯಾರಿಗೂ ಇಲ್ಲರಿ ಅಕ್ಕಾ," ಎಂದಳು ಶರಣಬಸಮ್ಮ.

ರತ್ನಾಬಾಯಿ ತಲೆಯೆತ್ತಿ, ಮಾಳಿಗೆ ಅಂಚಿನಲ್ಲಿ ಜೋತಿದ್ದ ಧೋತರ ನೋಡಿದಳು. "ಒಣಗಿಸಿ ಇಟ್ಟು ತಿನಸಾಕತ್ತೀರಿ. ನಿನ್ನಿ ಮೊನ್ನಿದು ಅಲ್ಲ ಈ ಜಡ್ಡು." ಅವಳ ಕಣ್ಣು ನೀರಿನ ತಂಬಿಗೆ ಹಿಡಿದು ನಿಂತಿದ್ದ ಗುರುದೇವಿಯ ಮೇಲೆ ಹೋಯಿತು. "ಹುಡುಗಿ ಭಾಳ ಸಣ್ಣ ಕಾಣಸ್ತಾಳ. ಕ್ಷಯ ಗಿಯ ಇದ್ರ ಈಗೇ ಹೇಳ್ರಿ. ನಮಗೂ ಒಬ್ಬನೇ ಮಗ."

ಅವಳ ಗಂಡ ಕಲ್ಯಾಣಪ್ಪ ಆಗಲೇ ಎತ್ತುಗಳ ಕಡೆ ಹೆಜ್ಜೆ ಹಾಕಿದ್ದ.

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಜಾತಿ ಹೋಗುತ್ತದೆ, ಸುಮ್ಮನಿದ್ದರೆ ರೋಗ ಮಗಳ ತಲೆಗೆ ಬರುತ್ತದೆ.

"ಜಡ್ಡು ನನಗರಿ," ಎಂದಳು ಶರಣಬಸಮ್ಮ. "ಎದಿ ಜಡ್ಡು. ಹುಡುಗಿಗಿ ಏನೂ ಇಲ್ಲ. ಆಕಿಗಿ ಬ್ಯಾರೆ ಕೋಣ್ಯಾಗ ಇಟ್ಟೀನಿ. ನನ್ನ ಗಂಗಾಳ ಸೈತ ಮುಟ್ಟಸಿಲ್ಲ."

ಗಂಡ ಹೆಂಡತಿ ಬಂಡಿಯ ಬಳಿ ನಿಂತು ಮಾತಾಡಿಕೊಂಡರು. ತಿರುಗಿ ಬಂದ ಕಲ್ಯಾಣಪ್ಪನ ದನಿ ಮೆತ್ತಗಿತ್ತು. ಕೆಟ್ಟ ಮನುಷ್ಯನೇನಲ್ಲ ಅವನು.

"ಮುಚ್ಚಿಡಲಾರದೆ ಖರೇ ಹೇಳೀರಿ ತಂಗಿ. ಅದಕ್ಕ ಸಂಬಂಧ ಬಿಡಂಗಿಲ್ಲ. ಆದ್ರ ಲಗ್ನ ನಮ್ಮ ಊರಾಗ ಆಗಲಿ, ನೀವು ಬರಬ್ಯಾಡ್ರಿ. ಆಮ್ಯಾಲ ಹುಡುಗಿ ಈ ಮನಿಗಿ ಬರಂಗಿಲ್ಲ. ಹಡಿಲಾಕೂ ಕಳಸಂಗಿಲ್ಲ. ಕೂಸು ಹುಟ್ಟಿದ್ರ ನೀವು ಎತ್ತಕೋಬಾರದು."

ಮಗಳ ಬಾಣಂತನ ಹೇಗೆ ಮಾಡಬೇಕೆಂದು ಶರಣಬಸಮ್ಮ ಕುಟ್ಟುವಾಗೆಲ್ಲ ನೆನೆಸುತ್ತಿದ್ದಳು. ಮೊಮ್ಮಗುವಿನ ನೆತ್ತಿಗೆ ಎಣ್ಣೆ ಒತ್ತುವುದನ್ನೂ ನೆನೆಸುತ್ತಿದ್ದಳು.

"ಆಗಲ್ರಿ," ಎಂದಳು.

"ಯವ್ವಾ, ಯಾಕ ಸುಳ್ಳು..." ಎಂದು ಗುರುದೇವಿ ಬಾಯಿ ತೆರೆದಳು. ಆ ಮಾತು ಮುಗಿಯಗೊಡದೆ ತಾಯಿ ಸೆರಗು ಬಾಯಿಗೊತ್ತಿ ಕೆಮ್ಮಿದಳು. ಬಗ್ಗಿ ಬಗ್ಗಿ, ಗಂಟಲು ಹರಿಯುವ ಹಾಗೆ ಕೆಮ್ಮಿದಳು. ಕಣ್ಣೀರು ತಾನಾಗಿಯೇ ಇಳಿಯಿತು. ಗುರುದೇವಿ ತಂಬಿಗೆ ಬಿಟ್ಟು ಬೆನ್ನು ತಿಕ್ಕಲು ಓಡಿ ಬಂದಳು.

ಶರಣಬಸಮ್ಮ ಕೈಯೆತ್ತಿ ತಡೆದಳು.

"ದೂರ ನಿಂದ್ರು. ನನಗ ಮುಟ್ಟಬ್ಯಾಡ."

ಗುರುದೇವಿ ನಿಂತುಬಿಟ್ಟಳು. ರತ್ನಾಬಾಯಿ ಮುಂದೆ ಬಂದು ಹುಡುಗಿಯ ತೋಳು ಹಿಡಿದು, ಮೆಲ್ಲಗೆ ತನ್ನ ಮಗ್ಗುಲಿಗೆ ಎಳೆದುಕೊಂಡಳು.