ಹಾಲಿಗೆ ಬೆರೆಸಿದ ಪುಡಿ

"ಯಾರಮ್ಮ ನೀನು? ನಮ್ಮನೆ ಅಡುಗೆಮನೇಲಿ ಏನ್ ಮಾಡ್ತಿದೀಯ?"

ಕಲಾ ತಿರುಗಿ ನೋಡಿದಳು. ಬಾಗಿಲಲ್ಲಿ ಅತ್ತೆ ವಿಮಲಮ್ಮ. ತಮಾಷೆ ಇರಬೇಕೆಂದು ಕಲಾ ನಕ್ಕಳು. ವಿಮಲಮ್ಮ ನಗಲಿಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಬಾಳಿದ ಸೊಸೆಯನ್ನು ಕಳ್ಳಿಯನ್ನು ನೋಡುವಂತೆ ನೋಡುತ್ತಿದ್ದರು.

ವಾರದಿಂದ ಅವರು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ತಿಂದದ್ದು ನಿಲ್ಲುತ್ತಿರಲಿಲ್ಲ. ಬಿಸಿಲಿಗೆ ಹೀಗಾಗಿದೆ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಈಗ ಮಗ ದುಂಡೇಶ ಫ್ಯಾಕ್ಟರಿಗೆ ರಜೆ ಹೇಳಿ, ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು, ಹೆಂಡತಿಯೊಡನೆ ಮಾಗಡಿ ರಸ್ತೆಯ ನರ್ಸಿಂಗ್ ಹೋಮ್‌ಗೆ ಓಡಿದ. ದಾರಿಯುದ್ದಕ್ಕೂ ಗೋವಿಂದರಾಜನಗರದ ಆ ಬೀದಿಗಳು ಯಾವ ಊರಿನವು ಎಂದು ವಿಮಲಮ್ಮ ಕೇಳುತ್ತಲೇ ಇದ್ದರು.

"ಏನೇನ್ ಮಾತ್ರೆ ತಗೊಳ್ತಾರೆ?" ಡಾಕ್ಟರಮ್ಮ ಕೇಳಿದರು.

"ಬಿಪಿ ಮಾತ್ರೆ ಒಂದೇ ಮೇಡಂ," ಎಂದ ದುಂಡೇಶ.

ಹೌದೆಂದು ತಲೆಯಾಡಿಸಲು ಹೊರಟ ಕಲಾಳಿಗೆ ಹಾಲಿನ ಲೋಟ ನೆನಪಾಯಿತು.

ಮಂಡಿನೋವಿಗೆಂದು ಚಳಿಗಾಲದಲ್ಲಿ ಬೇರೊಬ್ಬ ಡಾಕ್ಟರು ವಿಟಮಿನ್ ಡಿ ಪುಡಿ ಬರೆದುಕೊಟ್ಟಿದ್ದರು. ವಾರಕ್ಕೊಂದು ಪೊಟ್ಟಣ, ಎಂಟೇ ವಾರ. ನೋವು ಸ್ವಲ್ಪ ಇಳಿದಿತ್ತು. ಆಮೇಲೆ ಕಲಾಳೇ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ಮತ್ತೆ ತಂದಳು. ವಾರಕ್ಕೊಂದರಿಂದಲೇ ಇಷ್ಟು ಗುಣವಾದರೆ ದಿನಕ್ಕೊಂದರಿಂದ ಇನ್ನೂ ಬೇಗ ಆಗಬಹುದಲ್ಲ? ವಿಟಮಿನ್ ತಾನೇ, ಔಷಧಿಯೇನಲ್ಲ. ಎರಡೂವರೆ ತಿಂಗಳು, ದಿನವೂ, ತನ್ನ ಕೈಯಾರೆ ಹಾಲಿಗೆ ಬೆರೆಸಿ ಕೊಟ್ಟಿದ್ದಳು.

ಹೇಳಿದರೆ ಗಂಡ ಏನೆನ್ನುತ್ತಾನೆ? ನೆಂಟರು? ಅತ್ತೆಗೆ ಸೊಸೆಯೇ ಏನೋ ಹಾಕಿದಳು ಎನ್ನುವುದಿಲ್ಲವೇ? ಹೇಳದಿದ್ದರೆ? ಮಂಚದ ಮೇಲೆ ವಿಮಲಮ್ಮ ಗಾಳಿಯಲ್ಲಿ ಹೂ ಕಟ್ಟುವಂತೆ ಬೆರಳಾಡಿಸುತ್ತಿದ್ದರು.

"ಮೇಡಂ," ಕಲಾ ಒಂದು ಹೆಜ್ಜೆ ಮುಂದೆ ಬಂದಳು. "ಮಂಡಿನೋವಿಗೆ ಅಂತ ವಿಟಮಿನ್ ಡಿ ಪುಡಿ ಕೊಡ್ತಿದ್ದೆ. ದಿನಾ."

"ದಿನಾನಾ? ಅರವತ್ತು ಸಾವಿರ ಯೂನಿಟ್ಟಿನದ್ದಾ?"

"ಪೊಟ್ಟಣದ ಮೇಲೆ ಹಾಗೇ ಇತ್ತು."

ದುಂಡೇಶ ಅವಳತ್ತ ತಿರುಗಿದ. ಮತ್ತೆ ತಾಯಿಯ ಮಂಚದ ಬಳಿ ಹೋಗಿ ನಿಂತ. ಬೈದಿದ್ದರೇ ವಾಸಿಯಿತ್ತು.

ರಕ್ತದ ವರದಿ ಬರಲು ಎರಡು ಗಂಟೆ ಹಿಡಿಯಿತು. ಕಲಾ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

"ವಿಟಮಿನ್ ಡಿ ಜಾಸ್ತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದೆ," ಡಾಕ್ಟರಮ್ಮ ಹೊರಬಂದು ಹೇಳಿದರು. "ಅದಕ್ಕೇ ಈ ಮರೆವು. ಕಿಡ್ನಿಗೂ ಪೆಟ್ಟು ಬಿದ್ದಿದೆ. ನೀವು ಹೇಳದೇ ಇದ್ದಿದ್ರೆ ನಾವು ತಲೆ ಸ್ಕ್ಯಾನು ಅದೂ ಇದೂ ಅಂತ ಹುಡುಕ್ತಾ ಇರ್ತಿದ್ವಿ."

"ಉಳೀತಾರಾ ಮೇಡಂ?"

"ನೋಡೋಣ. ಡ್ರಿಪ್ ಹಾಕಿದೀವಿ."

ನಾಲ್ಕನೆಯ ದಿನ ಬೆಳಿಗ್ಗೆ ವಿಮಲಮ್ಮ ಕಣ್ಣು ಬಿಟ್ಟು, "ಕಲಾ, ತಿಂಡಿ ತಿಂದ್ಯೇನೇ?" ಎಂದರು. ಕಲಾ ಮಂಚದ ಕಂಬಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಸಂಜೆ ಅತ್ತೆಯ ಪಕ್ಕ ಕುಳಿತು ಹೇಳತೊಡಗಿದಳು. "ಅತ್ತೆ, ನಿಮಗೆ ಹೀಗಾಗಿದ್ದು ನನ್ನಿಂದಲೇ. ಆ ಪುಡಿ..."

"ದುಂಡ ಹೇಳ್ದ ಬಿಡೇ. ನೀನು ಕೊಟ್ಟೆ, ನಾನೂ ಇನ್ನೊಂದು ಚಮಚ ಸಕ್ಕರೆ ಹಾಕು ಅಂತ ಕೇಳಿ ಕುಡಿದೆ."

ಮನೆಗೆ ಬಂದ ಮೇಲೂ ಕಿಡ್ನಿ ಪೂರ್ತಿ ಸರಿಹೋಗಿಲ್ಲ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ದುಂಡೇಶ ಮೊದಲಿನಂತೆ ಮಾತಾಡಲು ಹದಿನೈದು ದಿನ ಬೇಕಾಯಿತು. ವಿಮಲಮ್ಮ ಯಾವುದಾದರೂ ಹೆಸರು ನೆನಪಾಗದೆ ಅರೆಗಳಿಗೆ ತಡೆದರೆ ಸಾಕು, ಕಲಾಳ ಎದೆ ಈಗಲೂ ಧಸಕ್ಕೆನ್ನುತ್ತದೆ.