ಕೆನ್ನೆಗೆ ತಾಗಿದ ತಂಪು

ಪರದೇಶದ ಆ ಕುಂಬಾರಿಕೆಯ ಕೋರ್ಸು ಮುಗಿಯುವುದಕ್ಕೆ ಇನ್ನೊಂದು ಸಲ ಆವಿಗೆ ಹೊತ್ತಿಸುವುದಷ್ಟೇ ಬಾಕಿ ಇತ್ತು. ಅದರಲ್ಲಿ ಸುಟ್ಟು ಬಂದ ಪಾತ್ರೆಗಳನ್ನು ನೋಡಿ ಒಬ್ಬರನ್ನು ಮಾತ್ರ ಇನ್ನೊಂದು ವರ್ಷ ಉಳಿಸಿಕೊಳ್ಳುತ್ತಾರೆ. ಮಿಕ್ಕವರು ಊರಿಗೆ ಹೊರಡಬೇಕು. ಆ ಒಬ್ಬಳು ತಾನೇ ಎಂದು ಕುಂಬಾರರ ಮಗಳು ನಂಬಿಕೊಂಡಿದ್ದಳು. ಮುತ್ತಜ್ಜನ ಕಾಲದಿಂದ ಮಣ್ಣು ತುಳಿದ ಮನೆ ಅವಳದು.

ಆದರೆ ಆ ಮನೆಯಲ್ಲಿ ತಿಗರಿಯ ಚಕ್ರ ಗಂಡಸರದು. ಮಣ್ಣು ಹದ ಮಾಡುವುದು, ತಟ್ಟುವುದು, ಒಣಗಿಸುವುದು ಹೆಂಗಸರ ಪಾಲು. ಹಾಗಾಗಿ ಇಲ್ಲಿ ತಿಗರಿಯ ಮುಂದೆ ಕೂತಾಗ ಅವಳೂ ಹೊಸಬಳೇ. ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನವಳ ಹಾಗೆ. ಬ್ಯಾಂಕಿನ ಕೆಲಸ ಬಿಟ್ಟು ಬಂದ ಆ ಹುಡುಗಿ ಅವಳ ಭಾಷೆಯವಳೇ, ಒಂದೇ ಕೋಣೆಯವಳು. ಎರಡೇ ತಿಂಗಳಿಗೆ ಆ ಹುಡುಗಿಯ ಬೆರಳ ನಡುವೆ ಮಣ್ಣು ತಾನಾಗಿ ಮೇಲೇಳತೊಡಗಿತ್ತು. ಅದನ್ನು ಕಂಡು ಕುಂಬಾರರ ಮಗಳ ಹೊಟ್ಟೆಯಲ್ಲಿ ಬಿದ್ದ ಕೆಂಡ ಇನ್ನೂ ಆರಿರಲಿಲ್ಲ.

ಆವಿಗೆ ಹೊತ್ತಿಸುವ ದಿನ ಬೆಳಗ್ಗೆ ಪಾತ್ರೆಗಳನ್ನು ಅದರೊಳಗೆ ಜೋಡಿಸುವಾಗ ಬ್ಯಾಂಕಿನವಳು ತನ್ನ ಹೂಜಿ ತಂದುಕೊಟ್ಟಳು.

"ಅಕ್ಕ, ಒಣಗಿದೆಯಾ ನೋಡು. ನಂಗೆ ಗೊತ್ತಾಗಲ್ಲ."

ಇವಳು ಅಮ್ಮ ಮಾಡುವಂತೆ ಹೂಜಿಯ ಬುಡವನ್ನು ಕೆನ್ನೆಗೆ ಒತ್ತಿಕೊಂಡಳು. ತಣ್ಣಗಿತ್ತು. ದಪ್ಪ ಬುಡದೊಳಗೆ ನೀರು ಇನ್ನೂ ಕೂತಿತ್ತು. ಕಾವು ಏರಿದರೆ ಸಿಡಿಯುವುದು ಖಂಡಿತ.

"ಒಣಗಿದೆ," ಎಂದಳು. ಮೂಲೆಯಲ್ಲಿ, ಬೇರೆ ಪಾತ್ರೆಗಳಿಗೆ ಸಿಡಿದ ಚೂರು ತಾಗದಷ್ಟು ದೂರದಲ್ಲಿಟ್ಟಳು.

ಕೋಣೆಗೆ ಬಂದು ಊಟಕ್ಕೆ ಕೂತಾಗ ಅಮ್ಮನ ಫೋನು ಬಂತು.

"ಆವಿಗೆ ಹತ್ತಿಸಿದ್ರಾ?"

"ಮಧ್ಯಾಹ್ನಕ್ಕೆ."

"ನಿನ್ನ ಜೊತೆಯವಳು ನಿನ್ನೆ ಮಾತಾಡಿದ್ಲು ಕಣೆ. ಒಣಗಿದ್ದು ಹೇಗೆ ತಿಳಿಯುತ್ತೆ ಅಮ್ಮ ಅಂತ ಕೇಳಿದ್ಲು. ನಮ್ಮವಳು ಪಕ್ಕದಲ್ಲೇ ಇದ್ದಾಳಲ್ಲ, ನಿಂಗ್ಯಾಕೆ ಚಿಂತೆ ಅಂದೆ."

"ನಿಂಗ್ಯಾಕೆ ಫೋನ್ ಮಾಡಿದ್ಲು ಅವಳು?"

"ಮಾಡಿದ್ರೇನಾಯ್ತು? ನೀನಂತೂ ಮಾಡಲ್ಲ," ಎಂದು ಅಮ್ಮ ನಕ್ಕಳು. "ನೋಡಿಕೊಟ್ಟೆ ತಾನೆ?"

ಅಮ್ಮನನ್ನೂ ಬಿಡಲಿಲ್ಲವಲ್ಲ ಆ ಬ್ಯಾಂಕಿನವಳು ಎಂದು ಮೈ ಉರಿಯಿತು. ಆದರೂ ಎದುರಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನೋಡ್ತೀನಿ," ಎಂದು ಫೋನಿಟ್ಟು ಚಪ್ಪಲಿ ಮೆಟ್ಟಿದಳು.

ಆವಿಗೆ ನೋಡಿಕೊಳ್ಳುವ ಮುದುಕ ಅದಾಗಲೇ ಕರೆಂಟಿನ ಗುಂಡಿ ಒತ್ತಿದ್ದ. ಕಾವು ಏರಿಸಬೇಡಿ, ಮುಚ್ಚಳ ಬೆರಳಷ್ಟು ತೆರೆದಿಟ್ಟು ನಾಳೆಯವರೆಗೆ ಬೆಚ್ಚಗಷ್ಟೇ ಇರಲಿ ಎಂದು ಅವಳು ಅವನ ಭಾಷೆಯಲ್ಲಿ ತಡವರಿಸುತ್ತ ಹೇಳಿದಳು. ಯಾರದ್ದು ಹಸಿ ಇದೆ ಎಂದು ಅವನು ಪುಸ್ತಕ ತೆರೆದ. ಹಸಿ ಪಾತ್ರೆ ಇಟ್ಟವರ ಹೆಸರು ಅದರಲ್ಲಿ ದಾಖಲಾಗುತ್ತಿತ್ತು. ಯಾರನ್ನು ಉಳಿಸಿಕೊಳ್ಳಬೇಕೆಂದು ಆರಿಸುವವರು ಅದನ್ನೂ ನೋಡುತ್ತಿದ್ದರು.

ಬ್ಯಾಂಕಿನವಳದು ಎಂದರೆ, ಬೆಳಗ್ಗೆ ಒಣಗಿದೆ ಎಂದವಳು ಯಾರು ಎಂಬ ಮಾತು ಬರುತ್ತದೆ.

"ನನ್ನದು," ಎಂದಳು.

ಸಂಜೆಯೊಳಗೆ ಸುದ್ದಿ ಹರಡಿತು. "ಏನಕ್ಕ, ಕುಂಬಾರರ ಮಗಳಾಗಿ ಹಸಿ ಮಡಕೆ ಇಟ್ಟುಬಿಟ್ಯಾ? ಅಮ್ಮನಿಗೆ ಹೇಳ್ಲಾ?" ಎಂದು ಬ್ಯಾಂಕಿನವಳು ಹಾಸಿಗೆಯ ಮೇಲೆ ಬಿದ್ದು ನಕ್ಕಳು. ಇವಳು ಗೋಡೆ ಕಡೆ ತಿರುಗಿ ಬಟ್ಟೆ ಮಡಚುತ್ತಿದ್ದಳು.

ನಾಲ್ಕನೆಯ ದಿನ ಆವಿಗೆ ತೆರೆದರು. ಯಾವುದೂ ಒಡೆದಿರಲಿಲ್ಲ. ಉಳಿಸಿಕೊಂಡದ್ದು ಬ್ಯಾಂಕಿನವಳನ್ನು.

ಅವಳು ಹೂಜಿಯನ್ನು ಮಗುವಿನಂತೆ ಎತ್ತಿಕೊಂಡು ಕೋಣೆಗೆ ಬಂದಳು. ಇವಳ ಪೆಟ್ಟಿಗೆ ಅರ್ಧ ತುಂಬಿತ್ತು.

"ತಟ್ಟಿ ನೋಡಕ್ಕ. ನೀನು ಹೇಳಿದ್ರೇನೇ ನಂಗೆ ಸಮಾಧಾನ."

ಇವಳು ಬೆರಳ ಗೆಣ್ಣಿನಿಂದ ತಟ್ಟಿದಳು. ಗಂಟೆಯಂತೆ ಕೇಳಿತು. ಅಂಥ ಸದ್ದು ಅಪ್ಪನ ಮಡಕೆಗಳಿಂದಲೂ ಅಪರೂಪಕ್ಕೆ ಬರುತ್ತಿತ್ತು.

"ಪರವಾಗಿಲ್ಲ," ಎಂದಳು. ಎಲ್ಲಾದರೂ ಒಂದು ಕಡೆ ಬಿರುಕಿನ ಒಡಕು ಸದ್ದು ಬಂದೀತೇನೋ ಎಂದು, ಹೂಜಿಯನ್ನು ಮೆಲ್ಲಗೆ ತಿರುಗಿಸುತ್ತ ಸುತ್ತಲೂ ತಟ್ಟತೊಡಗಿದಳು.