ಹಾದಿಯ ಕಡೆಗಿನ ಬಾಗಿಲು

"ಏ ರುಕ್ಮಿ, ಸೆಗಣಿ ಬಳ್ಯಾಕತ್ತೀಯೋ, ಅದಕ್ಕ ಹೆಸರಿಡಾಕತ್ತೀಯೋ? ಹೊತ್ತ ನೆತ್ತಿಗೇರಿದ್ರೂ ನಿಂದ ಮುಗಿಯಂಗಿಲ್ಲ ನೋಡ, ರಂಡೆ."

ಹೊತ್ತು ನೆತ್ತಿಗೇರುವುದಿರಲಿ, ಇನ್ನೂ ಹುಟ್ಟಿಯೇ ಇರಲಿಲ್ಲ. ಗೌಡಸಾನಿ ಪಡಸಾಲೆಯ ಕಟ್ಟೆಯ ಮೇಲೆ ನಿಂತು ಹಲ್ಲಿಗೆ ಇದ್ದಿಲು ತಿಕ್ಕುತ್ತಿದ್ದಳು. ರುಕ್ಮವ್ವ ತಲೆ ಎತ್ತದೆ ಎಮ್ಮೆಗಳ ಕಾಲ ಸಂದಿಯಿಂದ ಸೆಗಣಿ ಬಳಿದು ಬುಟ್ಟಿಗೆ ತುಂಬುತ್ತಿದ್ದಳು. ಮಗಳು ಚನ್ನಿ ಎದ್ದಳೋ ಇಲ್ಲವೋ, ನಿನ್ನೆಯ ಅರ್ಧ ರೊಟ್ಟಿಯನ್ನು ಗೋಡೆಯ ಮಾಡದಲ್ಲಿಟ್ಟು ಬಂದದ್ದು ಅವಳ ಕೈಗೆ ಸಿಕ್ಕೀತೋ ಇಲ್ಲವೋ ಎಂಬುದಷ್ಟೇ ಅವಳ ತಲೆಯಲ್ಲಿತ್ತು.

ಮೊದಲು ಎಮ್ಮೆಗಳು ಒಟ್ಟಿಗೇ ಎದ್ದು ನಿಂತವು. ಆಮೇಲೆ ನೆಲದ ಕೆಳಗೆ ಯಾರೋ ದೊಡ್ಡ ಬೀಸುವ ಕಲ್ಲು ತಿರುವಿದಂತೆ ಗುರುಗುಟ್ಟುವ ಸದ್ದು. ಬುಟ್ಟಿ ತಾನಾಗಿಯೇ ಉರುಳಿತು. ತಲೆಯ ಮೇಲೆ ಮಣ್ಣು ಹೊದಿಸಿದ ಕೊಟ್ಟಿಗೆಯ ಮಾಳಿಗೆಯಿಂದ ಮಣ್ಣು ಸುರಿಯಿತು. ರುಕ್ಮವ್ವ ಓಡಬೇಕೆಂದು ಸೆರಗು ಸಿಕ್ಕಿಸುವಷ್ಟರಲ್ಲಿ ಗೌಡಸಾನಿ ಅಂಗಳದ ನಡುವೆ ನಿಂತು ಕೂಗಿದಳು.

"ಎಮ್ಮಿ ಬಿಚ್ಚ ಮೊದ್ಲ. ಬಿಚ್ಚ ಅಂದ್ನೆಲ್ಲ, ನಿಮ್ಮೌನ. ಹಾಲ ಕೊಡೂ ಎಮ್ಮಿ ಸತ್ರ ನಿಮ್ಮಪ್ಪ ತಂದಕೊಡ್ತಾನೇನು?"

ರುಕ್ಮವ್ವ ಬಿಚ್ಚಿದಳು. ಬಿಗಿದ ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದಳು. ಕೊನೆಯ ಎಮ್ಮೆ ಅವಳ ಕಾಲು ತುಳಿದುಕೊಂಡು ಹೊರಗೆ ಹೋದ ಮೇಲೆ ಕೇರಿಯ ಕಡೆಗೆ ಓಡಿದಳು.

ಊರಿನಿಂದ ಮಠಕ್ಕೆ ಹೋಗುವ ಹಾದಿಯ ಮಗ್ಗುಲಲ್ಲೇ ಮಾದರ ಕೇರಿ. ಹಾದಿಗೂ ಹಳ್ಳಕ್ಕೂ ನಡುವಿನ ಸಣ್ಣ ಪಟ್ಟಿಯಲ್ಲಿ ಮನೆಗಳೆಲ್ಲ ಹಾದಿಗೆ ಬೆನ್ನು ಮಾಡಿ ಕೂತಿದ್ದವು. ಬಾಗಿಲುಗಳು ಏನಿದ್ದರೂ ಹಳ್ಳದ ಕಡೆಗೆ. ಹಾದಿಯ ಕಡೆಗೆ ಒಂದು ಬೆಳಕಿಂಡಿಯನ್ನೂ ಯಾರೂ ಬಿಟ್ಟಿರಲಿಲ್ಲ. ಬಿಡಬಾರದು ಎಂದು ಬರೆದದ್ದು ಎಲ್ಲಿಯೂ ಇರಲಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ.

ಉಳಿದ ಮನೆಗಳು ಬಿರುಕು ಬಿಟ್ಟು ನಿಂತಿದ್ದವು. ಕೇರಿಯ ತುದಿಗಿದ್ದ ರುಕ್ಮವ್ವನ ಮನೆ ಮಾತ್ರ ಇರಲಿಲ್ಲ. ಹಾದಿಯ ಕಡೆಯ ಗೋಡೆ ಪೂರ್ತಿ ಬಿದ್ದು, ಮಾಳಿಗೆ ಒಳಗೆ ಕುಸಿದಿತ್ತು. ಹಳ್ಳದ ದಂಡೆ ಹೊಸ್ತಿಲಿನವರೆಗೂ ಜರಿದುಹೋಗಿ, ಬಾಗಿಲಿನ ಮುಂದೆ ಆಳೆತ್ತರದ ಇಳಿತ ಬಿದ್ದಿತ್ತು. ಗಂಡ ಯಮನಪ್ಪ ಕೈಯಿಂದ ಮಣ್ಣು ತೋಡುತ್ತಿದ್ದ. ಒಳಗಿನಿಂದ ಅವನ ತಾಯಿ ಲಕ್ಕವ್ವ ಒಂದೇ ಸಮನೆ ನರಳುತ್ತಿದ್ದಳು. ಅವಳ ಕಾಲ ಮೇಲೆ ಮಾಳಿಗೆ ಹೊತ್ತಿದ್ದ ಮರದ ಜಂತಿ ಬಿದ್ದಿತ್ತು. ಚನ್ನಿ ಹೊರಕಡೆಗೆಂದು ಹಳ್ಳಕ್ಕೆ ಹೋದವಳು ಅಲ್ಲೇ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ರುಕ್ಮವ್ವ ಅವಳನ್ನು ಎತ್ತಿಕೊಂಡು ತಲೆ, ಬೆನ್ನು, ಕಾಲು ಎಲ್ಲ ಸವರಿ ನೋಡಿದಳು. ಆಮೇಲೆ ಕೆಳಗಿಳಿಸಿ, ಗಂಡನ ಜೊತೆ ಮಣ್ಣು ತೋಡಲು ಕೂತಳು.

ಇಂಡಿಯಿಂದ, ಊರಿನ ಕಂದಾಯದ ಲೆಕ್ಕ ಬರೆಯುವ ತಲಾಠಿ ಬಂದದ್ದು ಮಧ್ಯಾಹ್ನ. ಊರಿನೊಳಗೆ ಬಿರುಕು ಬಿಟ್ಟ ಮನೆಗಳನ್ನು ನೋಡಿ, ಗೌಡರಲ್ಲಿ ಚಹಾ ಕುಡಿದು, ಕೊನೆಗೆ ಕೇರಿಗೆ ಬಂದ. ಮೂಗಿಗೆ ವಸ್ತ್ರ ಹಿಡಿದು ದೂರದಿಂದಲೇ ಕೇಳಿದ.

"ಬಿದ್ದದ್ದು ಇದೊಂದ ಏನು?"

"ಹೌದ್ರಿ ಸಾಹೇಬ್ರ. ಮುದುಕಿ ಕಾಲ ಮುರದೈತ್ರಿ. ಸಾಲಿಯಾಗ ಒಂದ ಮೂಲಿ ಕೊಟ್ಟಿದ್ರ..." ಯಮನಪ್ಪ ಕೈಮುಗಿದ.

"ಸಾಲಿಯಾಗ ಊರ ಮಂದಿ ಅದಾರ. ಅವರ ಹೆಣ್ಮಕ್ಕಳು ಅಲ್ಲೇ ಅಡಗಿ ಮಾಡಾಕತ್ತಾರ. ನೀವು ಹೊಕ್ಕರ ಅವರು ಎಲ್ಲಿ ಹೋಗಬೇಕೋ? ಕೊಂಡವಾಡ ಖಾಲಿ ಐತಲ್ಲ. ಗ್ವಾಡಿ ಐತಿ, ಮ್ಯಾಲ ತಗಡ ಐತಿ. ಇನ್ನೇನ ವಾಡೇ ಬೇಕೇನ ನಿಮಗ?"

ಬೆಳೆಗೆ ಬಿದ್ದ ಬಿಡಾಡಿ ದನಗಳನ್ನು ಕೂಡಿಹಾಕುವ ಜಾಗ ಕೊಂಡವಾಡ. ಹುಲಗೆಪ್ಪ ಮುತ್ಯಾ, ಕೇರಿಯ ಹಿರಿಯ, ಏನೋ ಹೇಳಲು ಬಾಯಿ ತೆರೆದ. ತಲಾಠಿ ಬೆರಳೆತ್ತಿದ. "ಮುದುಕಾ, ಈಗ ಎಮರ್ಜೆನ್ಸಿ ಐತಿ. ಮಾತ ನೋಡಕೊಂಡ ಆಡ."

ಲಕ್ಕವ್ವನನ್ನು ಹೊರಸಿನ ಮೇಲೆ ಹೊತ್ತು ಕೊಂಡವಾಡಕ್ಕೆ ಒಯ್ದರು. ಹಳೆಯ ಉಚ್ಚೆಯ ವಾಸನೆಗೆ ಚನ್ನಿ ಮೊದಲ ದಿನ ಉಣ್ಣಲಿಲ್ಲ. ಆಮೇಲೆ ರೂಢಿಯಾಯಿತು. ತಗಡು ಕಾದು ಮುದುಕಿ ಬೆವರಿನಲ್ಲಿ ತೊಯ್ಯುತ್ತಿದ್ದಳು. ಒಂದು ಸಂಜೆ ಊರ ಕಾವಲಿನ ವಾಲೀಕಾರ ಯಾರದೋ ಹೋರಿಯೊಂದನ್ನು ಅಟ್ಟಿಕೊಂಡು ಬಂದು, "ಸರಕೋರಿ, ಸರಕೋರಿ, ಇದಕ್ಕೂ ಜಾಗ ಬೇಕು" ಎಂದ. ಸರಿದರು. ಅದು ಸೆಗಣಿ ಹಾಕಿದರೆ ರುಕ್ಮವ್ವ ಬಳಿದಳು. ಬೆಳಿಗ್ಗೆ ಗೌಡರ ಕೊಟ್ಟಿಗೆಯಲ್ಲಿ ಬಳಿಯುವುದು, ಸಂಜೆ ಇಲ್ಲಿ ಬಳಿಯುವುದು. ನಡುವೆ ಹೊಲದ ಕೆಲಸ. ಚನ್ನಿಯ ತಲೆ ಬಾಚಲು ಒಂದು ದಿನವೂ ಹೊತ್ತು ಸಿಕ್ಕಿರಲಿಲ್ಲ. ಮಲಗಿದಾಗ ಜಡೆಯ ಗಂಟುಗಳನ್ನು ಬೆರಳಿನಿಂದಲೇ ಬಿಡಿಸುತ್ತಿದ್ದಳು, ಅರ್ಧಕ್ಕೇ ನಿದ್ದೆ ಬರುತ್ತಿತ್ತು.

ಮಳೆ ಹತ್ತಿರ ಬಂದಿತ್ತು. ಹುಲಗೆಪ್ಪ ಮುತ್ಯಾ ಕೇರಿಯವರನ್ನು ಬೇವಿನ ಗಿಡದ ಕೆಳಗೆ ಕೂಡಿಸಿದ.

"ನಮ್ಮ ಅಪ್ಪನ ಕಾಲದಿಂದ ರೂಢಿ ಐತಿ. ಕೇರಿಯಾಗ ಯಾರದರೆ ಮನಿ ಬಿದ್ರ ಮನಿಗೊಂದು ಜಂತಿ. ನಾಳೆ ತಗೀರಿ."

"ನನ್ನ ಮ್ಯಾಳಗಿ ಮೊದಲ ಜೋಲಿ ಹೊಡ್ಯಾಕತ್ತೈತಿ ಮುತ್ಯಾ," ಒಬ್ಬ ಅಂದ. "ಒಂದ ಜಂತಿ ಜಗ್ಗಿದ್ರ ನಾನೂ ಕೊಂಡವಾಡಕ್ಕ ಹೋಗಬೇಕಾಕ್ಕತಿ."

"ಹೋಗ ಮತ್ತ," ಮುತ್ಯಾ ಅಂದ. "ಅಲ್ಲಿ ಹೋರಿ ಮಗ್ಗಲಕ ಮಕ್ಕೊ. ನಿನ್ನ ಹೇಣ್ತಿಗಿಂತ ಅದು ಸುಮ್ಮ ಇರ್ತೈತಿ."

ಅವನ ಹೆಂಡತಿಯೇ ಮೊದಲು ನಕ್ಕಳು. "ಹೋರಿಗೂ ಇವನ ಗೊರಕಿ ಕೇಳಿ ಹುಚ್ಚ ಹಿಡೀತೈತಿ ಮುತ್ಯಾ. ಜಂತಿ ನಾನ ಜಗ್ಗಿ ಕೊಡ್ತೇನಿ, ಬಿಡ."

ಮರುದಿನ ಮನೆಗೊಂದರಂತೆ ಜಂತಿಗಳು ಬಂದವು. ಹೊಗೆ ಹಿಡಿದು ಕಪ್ಪಾದವು, ಅರ್ಧ ಗೆದ್ದಲು ತಿಂದವು, ಒಂದು ಸೊಟ್ಟ, ಒಂದು ಗಿಡ್ಡ. ಕೊಟ್ಟವರು ತಮ್ಮ ಮಾಳಿಗೆಯ ಕೆಳಗೆ ಕಂಬದಂತೆ ಜಾಲಿಯ ಟೊಂಗೆ ಆನಿಸಿಕೊಂಡರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಕೈ ಪಳಗಿದವರು ಬಿದ್ದ ಗೋಡೆಯ ಕಲ್ಲುಗಳನ್ನೇ ಮತ್ತೆ ಏರಿಸಿದರು. ಹಗಲೆಲ್ಲ ಗೌಡರ ಹೊಲ, ಹೊತ್ತು ಮುಳುಗುವ ಮುಂದೆ ಈ ಗೋಡೆ.

ಊರೊಳಗಿನ ಮೋದಿನಸಾಬ ತನ್ನ ಚಕ್ಕಡಿಯಲ್ಲಿ ಬಾಗಿಲಿನ ಚೌಕಟ್ಟೊಂದನ್ನು ಹೇರಿಕೊಂಡು ಬಂದ.

"ನಮ್ಮ ಹಿತ್ತಲ ಖೋಲಿದು. ಖೋಲಿ ಬಿತ್ತು, ಇದು ಗಟ್ಟಿ ಉಳದೈತಿ. ಬ್ಯಾಡ ಅನ್ನಬ್ಯಾಡ ರುಕ್ಮವ್ವ, ನಿಮ್ಮವ್ವ ನನಗ ರಾಖಿ ಕಟ್ಟದಿದ್ರೂ ತಂಗಿನ."

"ಊರ ಮಂದಿ ಏನರೆ ಅಂದಾರು, ಮಾಮಾ."

"ಅಂತಾರ. ನಾ ಕಿವುಡ ಅದೀನಿ ಅಂತ ಅವರಿಗೂ ಗೊತ್ತೈತಿ." ಅವನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಚೌಕಟ್ಟನ್ನು ಇಳಿಸಿ, ಸುತ್ತ ನೋಡಿ ಕೇಳಿದ. "ಎಲ್ಲಿ ನಿಲ್ಲಸೂದು ಇದನ್ನ?"

ಅಷ್ಟು ದಿನ ಎಲ್ಲರೂ ಅದೊಂದನ್ನು ಬಿಟ್ಟು ಉಳಿದ ಕೆಲಸವನ್ನೆಲ್ಲ ಮಾಡಿದ್ದರು. ಹಳ್ಳದ ಕಡೆಗೆ ಹೊಸ್ತಿಲಿನ ಕೆಳಗೇ ನೆಲವಿಲ್ಲ. ಅಕ್ಕಪಕ್ಕ ಒಂದು ಕಡೆ ಇನ್ನೊಬ್ಬರ ಗೋಡೆ, ಒಂದು ಕಡೆ ಜರಿದ ದಂಡೆ. ಉಳಿದದ್ದು ಹಾದಿಯ ಕಡೆ. ಗಂಡಸರು ತಲೆ ಕೆರೆದುಕೊಂಡರು. ಯಮನಪ್ಪ ಹುಲಗೆಪ್ಪನನ್ನು ನೋಡಿದ, ಹುಲಗೆಪ್ಪ ನೆಲ ನೋಡಿದ.

ರುಕ್ಮವ್ವ ಮಣ್ಣು ಕಲಸುತ್ತಿದ್ದವಳು ಎದ್ದಳು.

"ಹಾದಿ ಕಡಿಗಿ ನಿಲ್ಲಸ್ರಿ."

"ಏ, ಸುಮ್ಮಕುಂಡ್ರ," ಯಮನಪ್ಪ ಗದರಿದ.

"ಮತ್ತ ನಿಮ್ಮವ್ವನ ಹೊರಸು ಹಳ್ಳಕ್ಕ ಒಗೀತಿ ಏನು? ದಿನಾ ನಾ ಜಿಗದ ಹೊರಗ ಬರ್ಲೇನು? ಭೂಮಿಗಿ ಹೇಳ್ರಿ ಹೋಗ್ರಿ, ಮತ್ತೊಮ್ಮಿ ನಡುಗಿ ದಂಡಿ ಜೋಡಸ ಅಂತ."

ಅವಳ ದನಿಯಲ್ಲಿ ಜಗಳವಿರಲಿಲ್ಲ, ಬೇಗ ಮುಗಿಸಿ ಮಲಗಬೇಕೆಂಬ ಆತುರವಿತ್ತು. ಚೌಕಟ್ಟು ಹಾದಿಯ ಕಡೆಗೆ ನಿಂತಿತು. ಮೋದಿನಸಾಬನೇ ನೇರ ಹಿಡಿದ.

"ಯವ್ವಾ," ಚನ್ನಿ ಅವ್ವನ ಸೆರಗು ಜಗ್ಗಿದಳು. "ಹಾದಿ ಮ್ಯಾಲ ಹೋಗವರಿಗಿ ನಾವು ಕಂ..."

ರುಕ್ಮವ್ವ ಮಣ್ಣಿನ ಕೈಯಿಂದಲೇ ಅವಳ ಬಾಯಿ ಮುಚ್ಚಿದಳು. "ಹಂಗೆಲ್ಲ ಕೇಳಬಾರದು, ಕೂಸ." ಗಲ್ಲಕ್ಕೆ ಹತ್ತಿದ ಮಣ್ಣನ್ನು ಆಮೇಲೆ ಸೆರಗಿನಿಂದ ಒರೆಸಿದಳು.

ಇನ್ನು ಮಾಳಿಗೆಗೆ ಮಣ್ಣು. ಗೌಡರ ಹೊಲದ ತುದಿಗೆ ಏನೂ ಬೆಳೆಯದ ಸವಳು ನೆಲವಿತ್ತು. ನೀರು ಇಂಗದ ಆ ಮಣ್ಣನ್ನೇ ಊರಿನವರೆಲ್ಲ ಮಳೆಗಾಲದ ಮುಂಚೆ ಮಾಳಿಗೆಗೆ ಹಾಕುತ್ತಿದ್ದರು. ಈ ಸಲ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಹೋದರೆ ಗೌಡರ ಆಳು ಬಡಿಗೆ ಅಡ್ಡ ಹಿಡಿದ. "ಬಾಗಲಾ ತಿರಗಸೂತನ ಒಂದ ಹಿಡಿ ಮಣ್ಣ ಮುಟ್ಟಬಾರದಂತ. ನನಗೇನ ಅಂತೀರಿ, ಗೌಡ್ರಿಗಿ ಅನ್ರಿ."

ಹೆಂಗಸರು ಅವನಿಗೂ ಏನೂ ಅನ್ನಲಿಲ್ಲ, ಗೌಡರಿಗೂ ಅನ್ನಲಿಲ್ಲ. ತಿರುಗಿ ಬಂದು ನಿಚ್ಚಣಿಕೆ ಹತ್ತಿ, ತಂತಮ್ಮ ಮಾಳಿಗೆಯ ಮೇಲಿನ ಮಣ್ಣನ್ನು ಕೆರೆದು ಬುಟ್ಟಿಗೆ ತುಂಬಿದರು. ಈ ಮಳೆಗಾಲ ಎಲ್ಲರ ಮನೆಯೂ ಸೋರುವುದೆಂದು ಎಲ್ಲರಿಗೂ ಗೊತ್ತಿತ್ತು. ರುಕ್ಮವ್ವನ ಮಾಳಿಗೆ ಮುಚ್ಚಿತು. ಲಕ್ಕವ್ವನನ್ನು ಕೊಂಡವಾಡದಿಂದ ತಂದು ಒಳಗೆ ಮಲಗಿಸಿದರು.

ಬಸಂತರಾಯಗೌಡ ಬಂದದ್ದು ಮರುದಿನ ಇಳಿಹೊತ್ತಿಗೆ. ಸಂಗಡ ತಲಾಠಿ, ಬಡಿಗೆ ಹಿಡಿದ ಆಳು. ಗೌಡ ಬೈಯುತ್ತ ಬರಲಿಲ್ಲ. ಹಾದಿಯ ಮೇಲೆ ನಿಂತು ಬಾಗಿಲನ್ನು ನೋಡಿದ, ಹಾದಿಯನ್ನು ನೋಡಿದ, ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡ.

"ಯಮನ್ಯಾ, ಮನಿ ಚಂದ ಕಟ್ಟೀದಿ."

"ನಿಮ್ಮ ಆಶೀರ್ವಾದರಿ."

"ನನ್ನ ಆಶೀರ್ವಾದ ಯಾವಾಗ ಕೇಳೀದಿ ಮಗನ? ಶ್ರಾವಣ ಹತ್ರ ಬಂತು. ಮಠದ ಅಜ್ಜಾರ ಪಲ್ಲಕ್ಕಿ ಇದ ಹಾದೀಲೆ ಬರ್ತೈತಿ. ಅವರು ಈ ಕಡಿ ಮಾರಿ ತಿರಗಿಸಿದ್ರ ಏನ ನೋಡಬೇಕು? ನಿಮ್ಮ ಗಡಗಿ, ನಿಮ್ಮ ಹೊರಸು, ನಿಮ್ಮ ಮುದುಕಿ ಕುಂಡಿ. ಮುಚ್ಚ ಅದನ್ನ."

"ಹಿಂದ ನೆಲಾ ಇಲ್ರಿ ಗೌಡ್ರ," ಹುಲಗೆಪ್ಪ ಮುತ್ಯಾ ಅಂದ. "ಬಂದ ನೋಡ್ರಿ, ಹೊಸ್ತಿಲದಾಗ ಕಾಲಿಟ್ರ ಹಳ್ಳದಾಗ ಬೀಳತೀವಿ."

"ನಾ ನಿಮ್ಮ ಹೊಸ್ತಿಲಕ್ಕ ಬರಬೇಕೇನೋ, ಭಾಡ್ಯಾ?" ಗೌಡ ಮೊದಲ ಬಾರಿಗೆ ದನಿ ಏರಿಸಿದ. ಮತ್ತೆ ಇಳಿಸಿದ. "ಇಂದ ಹೊತ್ತ ಮುಳಗೂದ್ರಾಗ ಮುಚ್ಚಬೇಕು. ಇಲ್ಲಾಂದ್ರ ನಾಳಿಂದ ಈ ಕೇರಿದು ಒಂದ ಆಳು ನನ್ನ ಹೊಲದಾಗ ಕಾಲಿಡಬಾರದು. ಮುದುಕಿಗಿ ಕೊಂಡವಾಡ ಐತಿ."

ಕೇರಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಒಬ್ಬರೂ ಯಮನಪ್ಪನಿಗೆ ಮುಚ್ಚು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಬಿತ್ತನೆಯ ದಿನಗಳು ಬಂದಿದ್ದವು, ಎಲ್ಲರ ಮನೆಯ ಹಿಟ್ಟು ಗೌಡರ ಹೊಲದಿಂದಲೇ ಬರಬೇಕಿತ್ತು. ಯಮನಪ್ಪ ಅವರ ಮುಖಗಳನ್ನು ಒಮ್ಮೆ ನೋಡಿದ. ಯಾರ ಮಾಳಿಗೆಯ ಕೆಳಗೆ ಜಾಲಿಯ ಟೊಂಗೆ ನಿಂತಿದೆಯೋ ಅವರ ಮುಖಗಳು. ಆಮೇಲೆ ಬಗ್ಗಿ, ಉಳಿದ ಕಲ್ಲಿನ ರಾಶಿಯಿಂದ ಒಂದು ಕಲ್ಲು ಎತ್ತಿ ಚೌಕಟ್ಟಿನ ನಡುವೆ ಇಟ್ಟ. ಅದರ ಮಗ್ಗುಲಿಗೆ ಇನ್ನೊಂದು. "ರುಕ್ಮಿ, ಮಣ್ಣ ಕೊಡ," ಎಂದ, ತಲೆ ಎತ್ತದೆ.

ಚನ್ನಿ ಒಳಗೆ, ಅಜ್ಜಿಯ ಹೊರಸಿನ ಕಾಲು ಹಿಡಿದು ನಿಂತಿದ್ದಳು. ಕಲ್ಲಿನ ಸಾಲು ಅವಳ ಸೊಂಟದವರೆಗೆ ಬಂತು. ಲಕ್ಕವ್ವ ಮಲಗಿದಲ್ಲಿಂದಲೇ, "ಯಾಕೋ ಯಮನಪ್ಪ, ಕತ್ತಲಾತಲ್ಲ," ಎಂದಳು.

ರುಕ್ಮವ್ವನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು, ಅದನ್ನು ಬೆಳಿಗ್ಗೆಯೇ ಕೊಟ್ಟಿಗೆಯಲ್ಲಿ ಬಿಟ್ಟು ಬಂದಿದ್ದಳು. ಕೈಯಲ್ಲಿದ್ದ ಮಣ್ಣಿನ ಬುಟ್ಟಿಯನ್ನು ಗಂಡನ ಹತ್ತಿರ ಒಯ್ಯದೆ ಅಲ್ಲೇ ಕೆಳಗಿಟ್ಟಳು. ಸೀರೆ ಮೊಣಕಾಲಿನ ಮೇಲಕ್ಕೆತ್ತಿ, ಕಲ್ಲಿನ ಸಾಲು ದಾಟಿ, ಒಳಗೆ ಹೋಗಿ, ಹಾದಿಗೆ ಮುಖ ಮಾಡಿ ನೆಲಕ್ಕೆ ಕೂತಳು. ಕಾಲು ಚಾಚಿದಳು.

"ಏನ ಮಾಡಾಕತ್ತೀ?" ಯಮನಪ್ಪ ಕೇಳಿದ.

"ಕುಂತೇನಿ. ನೀ ಕಟ್ಟ."

ತನ್ನ ಮನೆಯ ಜಂತಿಯನ್ನು ತಾನೇ ಜಗ್ಗಿ ಕೊಟ್ಟಿದ್ದವಳು ಬಂದು, ಸಾಲು ದಾಟಿ ರುಕ್ಮವ್ವನ ಮಗ್ಗುಲಲ್ಲಿ ಕೂತಳು. ಅವಳ ಹಿಂದೆ ಇನ್ನೊಬ್ಬಳು, ಕೂಸನ್ನು ಎತ್ತಿಕೊಂಡು. ಹುಲಗೆಪ್ಪ ಮುತ್ಯಾನಿಗೆ ಕಾಲೆತ್ತಲು ಆಗಲಿಲ್ಲ, ಸುದ್ದಿ ಕೇಳಿ ಊರೊಳಗಿನಿಂದ ಬಂದಿದ್ದ ಮೋದಿನಸಾಬ ರಟ್ಟೆ ಹಿಡಿದು ದಾಟಿಸಿದ. ಸಣ್ಣ ಮನೆ, ಬೇಗ ತುಂಬಿತು. ಜಾಗ ಸಿಗದವರು ಗೋಡೆಗೆ ಒರಗಿ ನಿಂತರು. ದಣಿದ ಮಂದಿ ಸಂಜೆಗೆ ಕೂರುವಂತೆ ಕೂತರು, ಅಷ್ಟೇ. ಎಲ್ಲರ ಮುಖವೂ ಹಾದಿಯ ಕಡೆಗಿತ್ತು.

ಯಮನಪ್ಪನ ಕೈಯಲ್ಲಿ ಕಲ್ಲು ಹಾಗೇ ಉಳಿಯಿತು. ಇಡಲಿಲ್ಲ, ಬಿಸಾಡಲೂ ಇಲ್ಲ.

"ಮುಚ್ಚೋ," ಗೌಡ ಅಂದ. "ಒಳಗ ಕುಂತ್ರ ಒಳಗ ಇರಲಿ, ಸೂಳಿ ಮಕ್ಕಳು. ಮುಚ್ಚ." ಆದರೆ ಅವನು ಬಾಗಿಲಿನ ಕಡೆಗೆ ನೋಡುತ್ತಿರಲಿಲ್ಲ. ತಲಾಠಿ ಹಳ್ಳದ ಆಚೆಗಿನ ಜಾಲಿಗಳನ್ನು ನೋಡುತ್ತಿದ್ದ. ಆಳು ತನ್ನ ಬಡಿಗೆಯ ತುದಿಯನ್ನು ನೋಡುತ್ತಿದ್ದ.

ಚನ್ನಿ ಹೊರಸು ಬಿಟ್ಟು ಮುಂದೆ ಬಂದು ಕಲ್ಲಿನ ಸಾಲಿನ ಮೇಲೆ ಎರಡೂ ಕೈ ಊರಿ ನಿಂತಳು. ಅವಳು ಉಸಿರು ಎಳೆದುಕೊಂಡದ್ದು ರುಕ್ಮವ್ವನಿಗೆ ಕೇಳಿಸಿತು. ಏನು ಬರುತ್ತದೆಂಬುದೂ ಗೊತ್ತಿತ್ತು. ಮಣ್ಣಿನ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು.

"ಗೌಡ್ರ," ಚನ್ನಿ ಕೇಳಿದಳು, "ನಾವು ಕಂಡ್ರ ನಿಮಗ ಏನಾಗತೈತ್ರಿ?"